ಬೋರ್‌ವೆಲ್‌ಗೆ ಕೇಬಲ್ ತರುವವರೇ ಹುಷಾರು: ಮೇಲೆ 4 ಸ್ಕ್ವೇರ್ ಅಂತ ಬರೆದಿದೆ, ಒಳಗೆ 2 ಕೂಡ ಇಲ್ಲ

ಕೇಬಲ್ ತರಲು ಪೇಟೆಗೆ ಹೊರಟವರು ಇದನ್ನು ಓದಿಯೇ ಹೋಗಿ. ನನ್ನ ಮೋಟಾರು ಸುಟ್ಟಿದೆ. ಅಡಿಕೆ ಗಿಡ ಬಾಡುತ್ತಿದೆ. ಕೇಬಲ್ ಕೊಟ್ಟವನು ಮಾತ್ರ ಆರಾಮಾಗಿ ಗಲ್ಲಾದಲ್ಲಿ ಕೂತಿದ್ದಾನೆ.

ನಮ್ಮದು ತುಮಕೂರು ಕಡೆ ತೋಟ. 7.5 ಎಚ್‌ಪಿ ತ್ರೀ ಫೇಸ್ ಮೋಟಾರು, 600 ಅಡಿಗೆ ಇಳಿಸಿದ್ದು. ಸ್ಟಾರ್ಟರ್ ತನಕ ಸೇರಿ ಸುಮಾರು 200 ಮೀಟರ್ ಕೇಬಲ್ ಬೇಕು. ಮೆಕ್ಯಾನಿಕ್ ಚೀಟಿಯಲ್ಲಿ ಬರೆದುಕೊಟ್ಟಿದ್ದರು: 4 ಸ್ಕ್ವೇರ್, ತ್ರೀ ಕೋರ್ ಫ್ಲಾಟ್, ತಾಮ್ರ. ಅಂದರೆ ಚಪ್ಪಟೆ ಕೇಬಲ್ ಒಳಗೆ ಮೂರು ಕೋರ್, ಒಂದೊಂದು ಕೋರ್‌ನಲ್ಲೂ ಅಡ್ಡ ಕತ್ತರಿಸಿ ನೋಡಿದರೆ 4 ಚದರ ಎಂಎಂ ತಾಮ್ರ. ಅಂಗಡಿಯಲ್ಲಿ ಅದನ್ನೇ ಕೇಳಿದೆ. ಕೇಬಲ್ ಮೇಲೂ ಅದನ್ನೇ ಅಚ್ಚು ಹಾಕಿದ್ದರು, ಐಎಸ್‌ಐ ಗುರುತು ಸಮೇತ.

ಅಂಗಡಿಯವನೇ ಒಂದು ಕೋರ್‌ನ ತುದಿ ಸುಲಿದು ತೋರಿಸಿದ. "ಎಣಿಸಿ ನೋಡಿ ಅಣ್ಣಾ, 56 ಎಳೆ ಇಲ್ಲದಿದ್ರೆ ದುಡ್ಡೇ ಬೇಡ" ಅಂದ. ಎಣಿಸಿದೆ ಕೂಡ! ಅಂಗಡಿ ಬಾಗಿಲಲ್ಲಿ ನಿಂತು ಒಂದೊಂದೇ ಬಿಡಿಸಿ ಎಣಿಸಿದೆ. 56 ಇತ್ತು. 4 ಸ್ಕ್ವೇರ್‌ಗೆ 56 ಎಳೆ ಅಂತ ನಮ್ಮ ಕಡೆ ಎಲ್ಲರಿಗೂ ಗೊತ್ತಲ್ವಾ, ಅದನ್ನೇ ಹಿಡಿದು ನನಗೆ ಟೋಪಿ ಹಾಕಿದ.

ಮೋಟಾರು ಇಳಿಸಿದ ಮೇಲೆ ಸ್ಟಾರ್ಟರ್ ಪದೇ ಪದೇ ಟ್ರಿಪ್ ಆಗತೊಡಗಿತು. ಅಂಗಡಿಗೆ ಫೋನ್ ಮಾಡಿದೆ. "ಹಳ್ಳಿ ವೋಲ್ಟೇಜು ಅಣ್ಣಾ, ರಿಲೇ ಸ್ವಲ್ಪ ಮೇಲಕ್ಕೆ ತಿರುಗಿಸಿ ಬಿಡಿ, ಏನೂ ಆಗಲ್ಲ" ಅಂದ. ಏನೂ ಆಗಲ್ಲವಂತೆ! ಸ್ಟಾರ್ಟರ್‌ನಲ್ಲಿ ರಿಲೇ ಇರುವುದೇ ಆಂಪ್ ಜಾಸ್ತಿಯಾದರೆ ಕರೆಂಟ್ ಕಡಿಯಲಿ, ಮೋಟಾರು ಸುಡಬಾರದು ಅಂತ. ಅದನ್ನೇ ಸಡಿಲ ಮಾಡಿ ಅಂತ ಹೇಳಿಕೊಟ್ಟ ಮಹಾನುಭಾವ. ಆಮೇಲೆ ವೈಂಡಿಂಗ್, ಅಂದರೆ ಮೋಟಾರೊಳಗಿನ ತಂತಿ ಸುತ್ತು, ಸುಟ್ಟುಹೋಯಿತು. ಗಾಡಿ ಕರೆಸಿ ಅಷ್ಟೂ ಪೈಪು ಎತ್ತಿಸಬೇಕಾಯಿತು. ಅದರ ಖರ್ಚು ಎತ್ತಿಸಿದವರಿಗೇ ಗೊತ್ತು.

ರಿವೈಂಡಿಂಗ್ ಮಾಡುವವರು ಮೊದಲು ನೋಡಿದ್ದು ಮೋಟಾರನ್ನಲ್ಲ, ಕೇಬಲ್ಲನ್ನು. ಒಂದು ಎಳೆ ತೆಗೆದು ಮೈಕ್ರೋಮೀಟರ್‌ನಲ್ಲಿ ಹಿಡಿದರು. ಒಂದು ಎಳೆ 0.3 ಎಂಎಂ ದಪ್ಪ ಇರಬೇಕು. ಇದು 0.2. "ಎಷ್ಟಕ್ಕೆ ತಂದ್ರಿ ಸಾರ್ ಇದನ್ನ?" ಅಂತ ಕೇಳಿ ನಕ್ಕರು. ಅಲ್ಲಿದ್ದ ಹುಡುಗರೂ ನಕ್ಕರು. ನನಗೆ ಮುಖ ಎಲ್ಲಿಡಬೇಕೋ ಗೊತ್ತಾಗಲಿಲ್ಲ.

0.1 ಎಂಎಂ ತಾನೇ, ಅದೇನು ಮಹಾ ಅನ್ನಿಸುತ್ತೆ. ಲೆಕ್ಕ ಹಾಕಿದರೆ ಹೊಟ್ಟೆ ಉರಿಯುತ್ತೆ. 0.3ರ 56 ಎಳೆ ಸೇರಿದರೆ 4 ಸ್ಕ್ವೇರ್. 0.2ರ 56 ಎಳೆ ಸೇರಿದರೆ 1.75 ಅಷ್ಟೇ! ಅರ್ಧ ಕೂಡ ಇಲ್ಲ. 200 ಮೀಟರ್ ತ್ರೀ ಕೋರ್ ಕೇಬಲ್‌ನಲ್ಲಿ ತಾಮ್ರವೊಂದೇ 21 ಕೆಜಿ ಇರಬೇಕಿತ್ತು, ನನ್ನದರಲ್ಲಿ 10 ಕೆಜಿ ಕೂಡ ಇಲ್ಲ. ಉಳಿದದ್ದೆಲ್ಲ ಪ್ಲಾಸ್ಟಿಕ್ಕು. ಅಂಗಡಿ ಹುಡುಗ ಒಬ್ಬನೇ ಸುರುಳಿಯನ್ನು ಹೆಗಲಿಗೆ ಹಾಕಿಕೊಂಡು ಬಂದು ಗಾಡಿಗೆ ಹಾಕಿದ್ದ, ಈಗ ನೆನಪಾಗುತ್ತಿದೆ.

ಈ ಮೋಟಾರು ಸುಮಾರು 13 ಆಂಪ್ ಎಳೆಯುತ್ತೆ. ಸರಿಯಾದ 4 ಸ್ಕ್ವೇರ್ ಆಗಿದ್ದರೆ ಕೇಬಲ್‌ನಲ್ಲೇ ಒಂದು 20 ವೋಲ್ಟ್ ಹೋಗುತ್ತಿತ್ತು. ಇದರಲ್ಲಿ 40 ಹತ್ತಿರ ಹೋಗಿದೆ. 415 ಇರಬೇಕಾದ ಕಡೆ ನಮ್ಮಲ್ಲಿ ಎಲ್ಲರ ಪಂಪ್‌ಸೆಟ್ ಓಡುವಾಗ ಬರುವುದೇ 380. ಕೆಳಗೆ ಮೋಟಾರಿಗೆ ಸಿಕ್ಕಿದ್ದು 340. ವೋಲ್ಟೇಜ್ ಕಮ್ಮಿಯಾದಷ್ಟೂ ಮೋಟಾರು ಆಂಪ್ ಜಾಸ್ತಿ ಎಳೆಯುತ್ತೆ, ಆಂಪ್ ಜಾಸ್ತಿಯಾದಷ್ಟೂ ಕಾಯುತ್ತೆ. ಸುಡದೆ ಇನ್ನೇನು?

ಕೇಬಲ್ ತುಂಡು ಹಿಡಿದು ಅಂಗಡಿಗೆ ಹೋದೆ. ಅವನ ಉತ್ತರ ಕೇಳಿ. "ನೀರಿಗಿಳಿದ ಮಾಲು ವಾಪಸ್ ತಗೊಳ್ಳಲ್ಲ." ಎಳೆ ಅಳೆದು ನೋಡು ಅಂದೆ. "ನಾವೇನು ಫ್ಯಾಕ್ಟರಿ ಇಟ್ಟಿದ್ದೀವಾ? ಬಂದಂಗೆ ಕೊಡ್ತೀವಿ." ಮೇಲೆ 4 ಅಂತ ಬರೆದಿದೆಯಲ್ಲಪ್ಪಾ ಅಂದೆ. "ಬರೆದವರನ್ನ ಕೇಳಿ." ಕೊನೆಗೆ ಬಂತು ನೋಡಿ: "ಬಿಲ್ ಇದೆಯಾ?" ಕೊಟ್ಟಿದ್ದು ಎಸ್ಟಿಮೇಟ್ ಚೀಟಿ. ಅದರಲ್ಲಿ ಅಂಗಡಿ ಹೆಸರೇ ಇಲ್ಲ! ಜಿಎಸ್‌ಟಿ ಬಿಲ್ ಬೇಡ, ಸುಮ್ನೆ ರೇಟ್ ಜಾಸ್ತಿ ಆಗುತ್ತೆ ಅಂದವನೂ ಇವನೇ.

ನೀವಾದರೂ ಎಳೆ ಎಣಿಸಿ ಸುಮ್ಮನಾಗಬೇಡಿ, ದಪ್ಪ ಅಳೆಸಿ. ಪಕ್ಕದ ರಿವೈಂಡಿಂಗ್ ಅಂಗಡಿಗೆ ಗೇಣುದ್ದ ತುಂಡು ಕೊಟ್ಟರೆ ಅಲ್ಲೇ ಹೇಳುತ್ತಾರೆ. ಐಎಸ್‌ಐ ಗುರುತಿನ ಜೊತೆ ಸಿಎಂ/ಎಲ್ ಅಂತ ಒಂದು ಲೈಸೆನ್ಸ್ ನಂಬರ್ ಇರುತ್ತೆ, ಅದನ್ನು ಐಎಸ್‌ಐ ಗುರುತು ಕೊಡುವ ಬಿಐಎಸ್ ಸಂಸ್ಥೆಯ ಬಿಐಎಸ್ ಕೇರ್ ಆಪ್‌ನಲ್ಲಿ ಹಾಕಿ ನೋಡಿ. ನನ್ನ ಕೇಬಲ್ ನಂಬರ್ ಹಾಕಿದರೆ ಕೇಬಲ್‌ಗೆ ಸಂಬಂಧವೇ ಇಲ್ಲದ ಯಾವುದೋ ಸಾಮಾನು ಬಂತು. ಬಿಲ್ ಕೊಡಲ್ಲ ಅಂದರೆ ಮಾಲು ಅಲ್ಲೇ ಬಿಟ್ಟು ಬನ್ನಿ. ರಿಲೇ ಮಾತ್ರ ಯಾರು ಹೇಳಿದರೂ ಮುಟ್ಟಬೇಡಿ.

ದುಡ್ಡು ಫೋನಿನಲ್ಲೇ ಹಾಕಿದ್ದೆ, ಆ ದಾಖಲೆ ಇದೆ. ಅದನ್ನಿಟ್ಟುಕೊಂಡು ಗ್ರಾಹಕರ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. ಗೊತ್ತಾದ ಕೂಡಲೇ ಅಂಗಡಿಯವನು ತಾನಾಗಿಯೇ ಫೋನ್ ಮಾಡಿದ. "ಯಾಕಣ್ಣಾ ಇಷ್ಟೆಲ್ಲ, ಮುಂದಿನ ಸಲ ಬನ್ನಿ, ರೇಟಲ್ಲಿ ನೋಡ್ಕೊಳ್ಳೋಣ" ಅಂದ. ಮುಂದಿನ ಸಲವಂತೆ!