ಶುಲ್ಕ ಮನ್ನಾ ಉಂಟು, ಸಂಭಾವನೆ ಇಲ್ಲ: ಮೈಸೂರಿನ ಕಾಲೇಜೊಂದರ ಕ್ರೀಡಾ ಕೋಟಾ

ಮಂಡ್ಯ ಜಿಲ್ಲೆಯ ನಮ್ಮ ಹಳ್ಳಿಯಿಂದ ಹೋದ ನನ್ನ ಮಗಳು ಮೈಸೂರಿನ ಖಾಸಗಿ ಪದವಿ ಕಾಲೇಜೊಂದರಲ್ಲಿ ಕ್ರೀಡಾ ಕೋಟಾದಡಿ ಓದುತ್ತ, ಅಲ್ಲಿಯ ಕಬಡ್ಡಿ ತಂಡದಲ್ಲಿ ಆಡುತ್ತಿದ್ದಾಳೆ. ಮಕ್ಕಳನ್ನು ಇಂತಹ ಸೀಟಿಗೆ ಸೇರಿಸಲು ಯೋಚಿಸುತ್ತಿರುವ ಪೋಷಕರಿಗೆ ಉಪಯೋಗವಾಗಲೆಂದು ಇದನ್ನು ಬರೆಯುತ್ತಿದ್ದೇನೆ.

ತರಬೇತಿಯ ಬಗ್ಗೆ ನನಗೆ ಪೂರ್ಣ ತೃಪ್ತಿಯಿದೆ. ದೈಹಿಕ ಶಿಕ್ಷಣ ನಿರ್ದೇಶಕರು ಬೆಳಕು ಹರಿಯುವ ಮೊದಲೇ ಮೈದಾನದಲ್ಲಿರುತ್ತಾರೆ, ಮ್ಯಾಟ್ ಚೆನ್ನಾಗಿದೆ, ಹಾಸ್ಟೆಲಿನಲ್ಲಿ ಹಾಲು, ಮೊಟ್ಟೆ, ಮುದ್ದೆಯೂಟಕ್ಕೆ ಕೊರತೆಯಿಲ್ಲ. ಬೋಧನಾ ಶುಲ್ಕವನ್ನೂ ಹಾಸ್ಟೆಲ್ ಶುಲ್ಕವನ್ನೂ ಮನ್ನಾ ಮಾಡಿದ್ದಾರೆ.

ಕೊರತೆಯಿರುವುದು ಕೈಗೆ ಬರುವ ಹಣದಲ್ಲಿ. ಶೂ, ನೀ ಕ್ಯಾಪ್, ಊರಿಗೆ ಬಂದುಹೋಗುವ ಖರ್ಚು ಎಲ್ಲವೂ ನಮ್ಮದೇ. ಅವಳ ಸಹಪಾಠಿಗಳು ಸಂಜೆ ಅಂಗಡಿಗಳಲ್ಲಿ ದುಡಿದು ತಮ್ಮ ಖರ್ಚು ನೋಡಿಕೊಳ್ಳುತ್ತಾರೆ. ಬೆಳಿಗ್ಗೆ ಮತ್ತು ಸಂಜೆ ಅಭ್ಯಾಸವಿರುವ ಇವಳಿಗೆ ಆ ದಾರಿಯೂ ಇಲ್ಲ. ಮಂಡಿಗೆ ಪೆಟ್ಟಾದಾಗ ಸ್ಕ್ಯಾನಿಂಗ್ ವೆಚ್ಚವನ್ನು ನಾವೇ ಭರಿಸಿದೆವು. ಆಡಲಾಗದ ಸ್ಥಿತಿ ಬಂದರೆ ಶುಲ್ಕ ಮನ್ನಾ ಮುಂದುವರಿಯುವುದೇ ಎಂದು ಕೇಳಿದ್ದಕ್ಕೆ ಲಿಖಿತ ಉತ್ತರ ಸಿಗಲಿಲ್ಲ. ಆದರೆ ಪ್ರವೇಶಾತಿ ಆರಂಭವಾದೊಡನೆ ಕಪ್ ಹಿಡಿದ ಇದೇ ಹೆಣ್ಣುಮಕ್ಕಳ ಚಿತ್ರ ಕಾಲೇಜಿನ ಫ್ಲೆಕ್ಸ್‌ಗಳಲ್ಲಿ ಕಾಣಿಸಿಕೊಳ್ಳುತ್ತದೆ.

ಉಚಿತ ಶಿಕ್ಷಣವೇ ಅವರ ಸಂಭಾವನೆ ಎಂಬ ವಾದವನ್ನು ನಾನು ಒಪ್ಪುವುದಿಲ್ಲ. ಪಂದ್ಯಾವಳಿಗೆ ಹೋದ ದಿನಗಳಲ್ಲಿ ಹಾಜರಾತಿ ಸಿಗುತ್ತದೆಯೇ ಹೊರತು ತಪ್ಪಿಹೋದ ಪಾಠವನ್ನು ಯಾರೂ ಮತ್ತೆ ಹೇಳಿಕೊಡುವುದಿಲ್ಲ. ಕೊಟ್ಟೆವೆನ್ನುವ ಶಿಕ್ಷಣದಲ್ಲಿಯೇ ಒಂದು ಪಾಲನ್ನು ಆಟ ಹಿಂದಕ್ಕೆ ಪಡೆದಿರುತ್ತದೆ.

ಅಮೆರಿಕದಲ್ಲಿ ಈ ವಿವಾದ ಬಹಳ ದೂರ ಸಾಗಿದೆ. 2021ರ ಜೂನ್‌ನಲ್ಲಿ ಅಲ್ಲಿಯ ಸುಪ್ರೀಂ ಕೋರ್ಟ್, ಕಾಲೇಜು ಆಟಗಾರರಿಗೆ ಶಿಕ್ಷಣ ಸಂಬಂಧಿತ ಸೌಲಭ್ಯ ಕೊಡುವುದಕ್ಕಿದ್ದ ಮಿತಿಗಳನ್ನು ಸರ್ವಾನುಮತದಿಂದ ತಳ್ಳಿಹಾಕಿತು. ಮರುತಿಂಗಳಿನಿಂದ ಆಟಗಾರರು ತಮ್ಮ ಹೆಸರು ಮತ್ತು ಚಿತ್ರದ ಬಳಕೆಯಿಂದ ಹಣ ಗಳಿಸಲು ಅವಕಾಶವಾಯಿತು. 2025ರ ಜುಲೈನಿಂದ ಕಾಲೇಜುಗಳು ನೇರವಾಗಿಯೇ ಆದಾಯ ಹಂಚಬಹುದಾಗಿದ್ದು, ಮೊದಲ ವರ್ಷಕ್ಕೆ ಪ್ರತಿ ಕಾಲೇಜಿಗೆ ಸುಮಾರು 2.05 ಕೋಟಿ ಡಾಲರ್ ಮಿತಿ ನಿಗದಿಯಾಯಿತು. ಆ ಹಣ ಟಿವಿ ಹಕ್ಕು ಮತ್ತು ಟಿಕೆಟ್‌ಗಳಿಂದ ಬರುತ್ತದೆ. ನಮ್ಮ ಅಂತರ ಕಾಲೇಜು ಕಬಡ್ಡಿಗೆ ಇವೆರಡೂ ಇಲ್ಲವಾದ್ದರಿಂದ ಅಷ್ಟನ್ನು ಯಾರೂ ಕೇಳಲಾರರು. ಆದರೆ ಖೇಲೋ ಇಂಡಿಯಾ ಯೋಜನೆಯಲ್ಲಿ ಆಯ್ಕೆಯಾದವರಿಗೆ ಕೈಖರ್ಚಿಗೆಂದು ತಿಂಗಳಿಗೆ 10,000 ರೂಪಾಯಿ ನಿಗದಿಯಾಗಿದೆ. ಓದುತ್ತ ಆಡುವವರಿಗೆ ನಗದು ಕೊಡಬೇಕೆಂಬ ತತ್ತ್ವವನ್ನು ಸರ್ಕಾರವೇ ಒಪ್ಪಿದೆ. ಆ ಪಟ್ಟಿಯ ಹೊರಗುಳಿಯುವ ನನ್ನ ಮಗಳಂಥವರಿಗೆ, ಎಲ್ಲ ವಿದ್ಯಾರ್ಥಿಗಳಿಂದಲೂ ಕ್ರೀಡಾ ಶುಲ್ಕ ಪಡೆಯುವ ಕಾಲೇಜು, ಅದರಿಂದಲೇ ಒಂದು ಸಾಧಾರಣ ಮಾಸಿಕ ಮೊತ್ತವನ್ನೂ ಗಾಯದ ವಿಮೆಯನ್ನೂ ಕೊಡಬೇಕು. ಹಣ ಬಂದರೆ ತಂಡದಲ್ಲಿ ಒಡಕು ಮೂಡುತ್ತದೆಂಬ ತರಬೇತುದಾರರ ಆತಂಕ ನಿಜವಾದದ್ದೇ. ಬದಲಿ ಆಟಗಾರ್ತಿಯರೂ ಸೇರಿ ಎಲ್ಲರಿಗೂ ಸಮನಾಗಿ ಕೊಟ್ಟರೆ ಅದಕ್ಕೆ ಆಸ್ಪದವಿರುವುದಿಲ್ಲ.

ತರಬೇತಿ ಮತ್ತು ಊಟವನ್ನು ನಂಬಿ ಈ ಕಾಲೇಜಿಗೆ ಮಕ್ಕಳನ್ನು ಧೈರ್ಯವಾಗಿ ಕಳುಹಿಸಬಹುದು. ಆದರೆ ಶುಲ್ಕ ಮನ್ನಾ ಎಷ್ಟು ವರ್ಷ, ಗಾಯವಾದರೆ ಚಿಕಿತ್ಸೆ ಯಾರದು ಎಂಬುದನ್ನು ಸೇರುವ ಮೊದಲೇ ಪ್ರಾಂಶುಪಾಲರ ಸಹಿಯೊಡನೆ ಬರೆಸಿಕೊಳ್ಳಿ. ಅಂತಹ ಪತ್ರ ಕೊಟ್ಟರೆ ಖೋ ಖೋ ಆಡುವ ನನ್ನ ಮಗನನ್ನೂ ಅಲ್ಲಿಗೇ ಸೇರಿಸುತ್ತೇನೆ.