ಪಾಗಾರ, ಬಲೆ, ಸ್ಲ್ಯಾಬ್, ಗಿಡ: ಕರಾವಳಿಯ ಮನೆಗೆ ಯಾವ ಬೇಲಿ ಬಾಳುತ್ತದೆ?

10 ಸೆಂಟ್ಸ್ ಚೌಕ ಜಾಗ ಅಂದರೆ ಒಂದೊಂದು ಬದಿ 66 ಅಡಿ, ಸುತ್ತಳತೆ 264. ಗೇಟಿಗೆ 10 ಅಡಿ ಬಿಟ್ಟರೆ ಬೇಲಿಗೆ ಉಳಿಯುವುದು 254 ಅಡಿ. ಕೆಳಗಿನ ಲೆಕ್ಕವೆಲ್ಲ ಇದರ ಮೇಲೆಯೇ. ಮಂಗಳೂರು, ಉಡುಪಿ ಕಡೆ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ದಾಟುವ ಮಳೆ, ಬಹುಪಾಲು ನಾಲ್ಕೇ ತಿಂಗಳಲ್ಲಿ. ಬೇಲಿ ಕೆಡಿಸುವುದು ಹೆಚ್ಚಾಗಿ ಈ ನೀರೇ. ಕಡಲ ಬದಿಯಾದರೆ ಉಪ್ಪುಗಾಳಿಯೂ ಸೇರುತ್ತದೆ. ನಾಲ್ಕೂ ಬಗೆಯನ್ನು ಹಾಕಿ, ಮಳೆಗಾಲ ದಾಟಿಸಿ ನೋಡಿದ ಮೇಲಿನ ಮಾತು ಇದು.

ಮೊದಲು ಮುರಕಲ್ಲಿನ (ಜಂಬಿಟ್ಟಿಗೆಯ) ಪಾಗಾರ, ಅಂದರೆ ಕಂಪೌಂಡ್ ಗೋಡೆ. ಸಾಧಾರಣ ಕಲ್ಲು 15 ಇಂಚು ಉದ್ದ, 9 ಅಗಲ, 7 ಎತ್ತರ. ಮುಕ್ಕಾಲು ಇಂಚು ಗಾರೆ ಸೇರಿದರೆ ಒಂದು ಸಾಲಿಗೆ 194 ಕಲ್ಲು. ಐದಡಿ ಎತ್ತರಕ್ಕೆ ಎಂಟು ಸಾಲು, ಒಟ್ಟು 1,550. ಒಡೆಯುವುದಕ್ಕೆಂದು ನೂರಕ್ಕೆ ಐದು ಸೇರಿಸಿ. ಪಂಚಾಂಗದ, ಅಂದರೆ ಅಡಿಪಾಯದ, ಕಲ್ಲು ಬೇರೆ.

ಲಾರಿಯಿಂದ ಇಳಿಸುವಾಗಲೇ ಕಲ್ಲು ನೋಡಬೇಕು. ಸುತ್ತಿಗೆಯಲ್ಲಿ ತಟ್ಟಿದರೆ ಗಟ್ಟಿ ಸದ್ದು ಬರಬೇಕು. ತೂತುಗಳೊಳಗೆ ಹಳದಿಯೋ ಬಿಳಿಯೋ ಮಣ್ಣು ತುಂಬಿಕೊಂಡು, ಉಗುರು ಹಾಕಿದರೆ ಎದ್ದು ಬರುತ್ತಿದ್ದರೆ ಅಂಥದ್ದು ಬೇಡ. ಮಳೆಗೆ ಆ ಮಣ್ಣು ತೊಳೆದುಹೋಗಿ ಕಲ್ಲು ಜರಡಿಯಾಗುತ್ತದೆ. ಅನುಮಾನವಿದ್ದರೆ ಒಂದು ತುಂಡನ್ನು ರಾತ್ರಿಯಿಡೀ ನೀರಲ್ಲಿ ಮುಳುಗಿಸಿಡಿ. ಬೆಳಿಗ್ಗೆ ಅಂಚು ಕೈಯಲ್ಲಿ ಉದುರಿದರೆ ಲೋಡು ವಾಪಸ್ ಕಳಿಸಿ. ಒಳ್ಳೆಯ ಕಲ್ಲು ಕೋರೆಯಿಂದ ಬಂದಾಗ ಮೆತ್ತಗಿದ್ದು ಗಾಳಿ ಬಿಸಿಲಿಗೆ ಗಟ್ಟಿಯಾಗುತ್ತದೆ. ತಂದ ಮರುದಿನವೇ ಕಟ್ಟದೆ ಕೆಲವು ವಾರ ಒಟ್ಟಿಡುವುದು ಅದಕ್ಕೇ.

ಪಂಚಾಂಗಕ್ಕೆ ಎರಡಡಿ ಅಗಲ, ಎರಡಡಿ ಆಳ. ತಳಕ್ಕೆ 1:4:8ರ (ಸಿಮೆಂಟು, ಮರಳು, ಜಲ್ಲಿ) ಕಾಂಕ್ರೀಟು 4 ಇಂಚು, ಅದರ ಮೇಲೆ ಅಗಲದ ಕಲ್ಲುಕಟ್ಟು, ನೆಲಮಟ್ಟಕ್ಕೆ 10 ಎಂಎಂ ಸರಳು ಎರಡು ಹಾಕಿದ ಕಾಂಕ್ರೀಟು ಬೆಲ್ಟು. ಗಾರೆ 1:6, ಹತ್ತಡಿಗೊಂದು ಪಿಲ್ಲರು. ಪಿಕ್ಕಾಸಿಗೆ ಬಿಳಿ, ಗುಲಾಬಿ ಬಣ್ಣದ ಶೇಡಿ ಮಣ್ಣು ಸಿಕ್ಕಿತೆಂದರೆ ಮಾತ್ರ ಅಲ್ಲಿಗೇ ನಿಲ್ಲಿಸಿ ಯೋಚಿಸಿ. ಮಾರ್ಚಿನಲ್ಲಿ ಅದು ಕಲ್ಲಿನ ಹಾಗೆಯೇ ಇರುತ್ತದೆ, ಜುಲೈಯಲ್ಲಿ ದೋಸೆ ಹಿಟ್ಟು. ಅಂಥ ಕಡೆ ಭಾರದ ಪಾಗಾರಕ್ಕಿಂತ ಹಗುರ ಬೇಲಿಯೇ ವಾಸಿ.

ಪಾಗಾರ ಬೀಳುವುದು ಹೆಚ್ಚಾಗಿ ಮೇಲಿನ ಜಾಗದವರ ಬದಿಯಲ್ಲಿ. ಅಲ್ಲಿಂದ ಇಳಿದ ನೀರು ಗೋಡೆಯ ಹಿಂದೆ ಕಟ್ಟಿ ನಿಲ್ಲುತ್ತದೆ, ನೆನೆದ ಮಣ್ಣು ನೂಕುತ್ತದೆ. ಐದಡಿಗೊಂದರಂತೆ 3 ಇಂಚಿನ ಪಿವಿಸಿ ತುಂಡನ್ನು ಹೊರಕ್ಕೆ ಇಳಿಜಾರಾಗಿ ಕೂರಿಸಿ, ಮಣ್ಣಿನ ಬದಿಗೆ ಒಂದಡಿ ದಪ್ಪ ಜಲ್ಲಿ ತುಂಬಿ. ಜಲ್ಲಿ ಹಾಕದೆ ದುಡ್ಡು ಉಳಿಸಿದರೆ ಪೈಪು ಒಂದೇ ಮಳೆಗಾಲದಲ್ಲಿ ಕೆಸರು ಕಟ್ಟಿ ಮುಚ್ಚಿಹೋಗುತ್ತದೆ. ಮೊದಲ ಜೋರು ಮಳೆಗೆ ಪೈಪಿನಿಂದ ಕೆಂಪು ನೀರು ಬಂದು ಆಮೇಲೆ ತಿಳಿಯಾದರೆ ಕೆಲಸ ಸರಿಯಾಗಿದೆ. ತಿಂಗಳಾದರೂ ಕೆಂಪಾಗಿಯೇ ಸುರಿಯುತ್ತಿದ್ದರೆ ಹಿಂದಿನ ಮಣ್ಣು ಕೊಚ್ಚಿಹೋಗುತ್ತಿದೆ ಎಂದರ್ಥ. ಎರಡು ಜಾಗಗಳ ಮಟ್ಟದಲ್ಲಿ ಮೂರಡಿಗಿಂತ ಹೆಚ್ಚು ವ್ಯತ್ಯಾಸವಿದ್ದರೆ 9 ಇಂಚಿನ ಪಾಗಾರದ ಮಾತೇ ಬೇಡ. ಅದು ಮಣ್ಣು ತಡೆಯುವ ಗೋಡೆ, ಬುಡದ ದಪ್ಪ ಎತ್ತರದ ಅರ್ಧವಾದರೂ ಇರಬೇಕು.

ಇನ್ನು ಕಬ್ಬಿಣದ ಬಲೆ, ಅಂದರೆ ಚೈನ್‌ಲಿಂಕ್. ಎಂಟಡಿಗೊಂದು ಕಂಬವೆಂದರೆ 34–35 ಕಂಬ. ಪ್ರತಿ ಮೂಲೆಗೆ ಎರಡು, ಗೇಟಿನ ಎರಡೂ ಬದಿಗೆ ಒಂದೊಂದು ಓರೆ ಕಂಬ, ಒಟ್ಟು 10. ಓರೆ ಕಂಬ ಹಾಕದೆ ದುಡ್ಡು ಉಳಿಸಿದವರ ಬೇಲಿ ದೂರದಿಂದಲೇ ಗೊತ್ತಾಗುತ್ತದೆ: ಮೂಲೆ ಕಂಬ ಒಳಕ್ಕೆ ವಾಲಿ, ಬಲೆ ಹೊಟ್ಟೆಬಿಟ್ಟಿರುತ್ತದೆ. ಏಳಡಿ ಕಂಬದಲ್ಲಿ ಎರಡಡಿ ನೆಲದೊಳಗೆ, ಸುತ್ತ 1:2:4ರ ಕಾಂಕ್ರೀಟು. ಕಬ್ಬಿಣದ ಆ್ಯಂಗಲ್ ಕಂಬ ಕಾಂಕ್ರೀಟಿನಿಂದ ಹೊರಬರುವ ಜಾಗದಲ್ಲೇ ತುಕ್ಕು ಹಿಡಿದು ಮುರಿಯುತ್ತದೆ. ಕಾರ್ಕಳ ಕಡೆಯ ಶಿಲೆಕಲ್ಲಿನ ಕಂಬ ಸಿಕ್ಕಿದರೆ ಬೇರೆ ಯೋಚನೆ ಬೇಡ.

ಮೋಸ ಹೋಗುವುದು ಗೇಜಿನಲ್ಲಿ. ಗೇಜಿನ ಅಂಕಿ ಏರಿದಷ್ಟೂ ತಂತಿ ತೆಳು: 10 ಗೇಜ್ ಅಂದರೆ 3.25 ಎಂಎಂ, 12 ಗೇಜ್ 2.64. ಕಣ್ಣಿಗೆ ಎರಡೂ ಒಂದೇ ಥರ ಕಂಡರೂ ಅಷ್ಟೇ ಅಳತೆಯ ಬಲೆ 10 ಗೇಜಿನದು ಒಂದೂವರೆ ಪಟ್ಟು ಭಾರ. ಆದ್ದರಿಂದ ತೂಕ ಹಾಕಿಸಿಯೇ ತನ್ನಿ. ಮೇಲೆ, ನಡುವೆ, ಕೆಳಗೆ ಮೂರು ಎಳೆ ತಂತಿ ಬಿಗಿದು ಆಮೇಲೆ ಬಲೆ ಕಟ್ಟಬೇಕು. ಉಳ್ಳಾಲ, ಸುರತ್ಕಲ್, ಮಲ್ಪೆಯಂಥ ಕಡೆ ಸತು ಲೇಪನದ ಮೇಲೆ ಪಿವಿಸಿ ಹೊದಿಕೆಯೂ ಇರುವ ಬಲೆಯೇ ಬೇಕು. ಬಲೆ ಸಾಯುವುದು ಕೆಳಗಿನ ಆರು ಇಂಚಿನಿಂದ. ತರಗೆಲೆ, ಒದ್ದೆ ಮಣ್ಣು ತಾಗಿಕೊಂಡಿರುವ ಕಡೆ ಗಂಟುಗಳು ಮೊದಲು ಬೆಳ್ಳಗೆ ಹುಡಿಯಾಗಿ, ಆಮೇಲೆ ಕಂದಾಗುತ್ತವೆ. ಮೇಲಿನ ನಾಲ್ಕಡಿ ಹೊಸದರಂತಿರುವಾಗಲೇ ಅಡಿಯಲ್ಲಿ ನಾಯಿ ನುಸುಳುತ್ತದೆ.

ಸಿಮೆಂಟಿನ ರೆಡಿಮೇಡ್ ಸ್ಲ್ಯಾಬ್ ಬೇಗ ಮುಗಿಯುತ್ತದೆ ಎಂಬುದು ನಿಜ. ಏಳಡಿಗೊಂದು ಗಾಡಿಯ (ಸ್ಲ್ಯಾಬ್ ಕೂರುವ ಸೀಳಿನ) ಕಂಬ, ನಡುವೆ ಒಂದೊಂದಡಿಯ ಐದು ಸ್ಲ್ಯಾಬ್, ಒಟ್ಟು 180ಕ್ಕೂ ಹೆಚ್ಚು. ಎರಡು ಇಂಚು ದಪ್ಪದ್ದು ಒಂದೊಂದೂ 75–80 ಕಿಲೋ; ಇಬ್ಬರು ಎತ್ತಿ ಇಳಿಸಬಹುದು. ಆದರೆ ಮಣ್ಣು ತುಂಬಿದ ಗದ್ದೆಯಲ್ಲಿ ಕಂಬ ವಾಲಿದರೆ ಸ್ಲ್ಯಾಬ್ ಗಾಡಿಯಿಂದ ಜಾರುತ್ತದೆ. ಸರಳಿನ ಮೇಲೆ ಕಾಂಕ್ರೀಟು ತೆಳುವಾದದ್ದು ಕಡಲ ಬದಿಯಲ್ಲಿ ಬೇಗ ಬಿರಿಯುತ್ತದೆ: ಒಳಗೆ ತುಕ್ಕು ಉಬ್ಬಿ ಕಾಂಕ್ರೀಟನ್ನು ಒಡೆಯುತ್ತದೆ. ಸಮತಟ್ಟು ಮುರಜಾಗಕ್ಕೆ ಅಡ್ಡಿಯಿಲ್ಲ. ಬೇರೆ ಕಡೆ ನಾವು ಹೇಳುವುದಿಲ್ಲ.

ಗಿಡದ ಬೇಲಿ ಅಗ್ಗ, ತಾಳ್ಮೆ ಬೇಕು. ಗೊಬ್ಬರಗಿಡದ (ಗ್ಲಿರಿಸಿಡಿಯಾ) ಐದಡಿ ಗೂಟವನ್ನು ಅಡಿಗೊಂದರಂತೆ ಒಂದಡಿ ಆಳಕ್ಕೆ ಊರಿದರೆ 250 ಗೂಟ ಬೇಕು, ನಡುವೆ ದಾಸವಾಳವೋ ಆಡುಸೋಗೆಯೋ. ಮೇ ಕೊನೆಗೆ ಬರುವ ತುಳುನಾಡಿನ ಪತ್ತನಾಜೆ ಕಳೆದು ಮಳೆ ಹಿಡಿದ ಮೇಲೆ ನೆಟ್ಟರೆ ನೀರು ಹೊರುವ ಕೆಲಸವಿಲ್ಲ. ವರ್ಷಕ್ಕೆ ಎರಡು ಸಲವಾದರೂ ಸವರದಿದ್ದರೆ ಅದು ಬೇಲಿಯಾಗಿ ಉಳಿಯುವುದಿಲ್ಲ, ಮರವಾಗುತ್ತದೆ. ಆಮೇಲೆ ಕರೆಂಟಿನ ತಂತಿಯ ತಗಾದೆ ಶುರು.

ಜಾಗ ಮುರವಾದರೂ ಗದ್ದೆಯಾದರೂ ನಮ್ಮ ಆಯ್ಕೆ ಕಲಬೆರಕೆ: ಕೆಳಗೆ ಮೂರು ಸಾಲು ಮುರಕಲ್ಲು, ಮೇಲೆ ಮೂರಡಿ ಬಲೆ. 600 ಕಲ್ಲಿನಲ್ಲಿ ಮುಗಿಯುತ್ತದೆ, ಪಂಚಾಂಗಕ್ಕೆ ಭಾರ ಕಡಿಮೆ, ಬಲೆಗೆ ಒದ್ದೆ ಮಣ್ಣು ತಾಗುವುದಿಲ್ಲ. ಮೊದಲು ಏಳಡಿ ಕಂಬ ನಿಲ್ಲಿಸಿ, ಆಮೇಲೆ ನಡುವೆ ಕಲ್ಲು ಕಟ್ಟಿ. ನೀರಿನ ಪೈಪು ಇಲ್ಲೂ ಬಿಡಲೇಬೇಕು. ಕಲ್ಲಿನ ತಲೆಗೆ ಹೊರಬದಿಗೆ ಇಳಿಜಾರಾಗಿ 1:4ರ ಗಾರೆಯಲ್ಲಿ ಸಾರಣೆ ಮಾಡಿ. ಬಲೆಯ ಕೆಳತುದಿಗೂ ಅದಕ್ಕೂ ನಡುವೆ ಎರಡು ಇಂಚು ಎಡೆ ಇರಲಿ, ತರಗೆಲೆ ಗುಡಿಸಲು ಹಿಡಿಸೂಡಿ ಹೋಗುವಷ್ಟು.