ನಿಂತು ನಿಂತು ತಿರುಗುವ ಪವರ್ ಸಪ್ಲೈ ಫ್ಯಾನ್, ಮತ್ತು ಮನಸ್ಸು ಗೆದ್ದ ಕೂಲರ್

ನನ್ನ ಕೆಲಸ ಧ್ವನಿ ರೆಕಾರ್ಡಿಂಗ್. ಪಾಠ, ಕಥೆಗಳನ್ನು ಓದಿ ರೆಕಾರ್ಡ್ ಮಾಡುತ್ತೇನೆ, ನಾನೇ ಎಡಿಟ್ ಮಾಡುತ್ತೇನೆ, ಬಿಡುವಾದಾಗ ಸ್ವಲ್ಪ ಗೇಮ್ ಆಡುತ್ತೇನೆ. ಮೈಕ್ ಇರುವ ಮೇಜಿನ ಕೆಳಗೇ ಕಂಪ್ಯೂಟರಿನ ಕ್ಯಾಬಿನೆಟ್ ಇದೆ. ಹಾಗಾಗಿ ಈ ಬರಹದಲ್ಲಿ ವೇಗದ ಮಾತು ಕಡಿಮೆ, ಸದ್ದಿನ ಮಾತೇ ಜಾಸ್ತಿ. ಪ್ರೊಸೆಸರ್ ರೈಜನ್ 7 7700, ಗ್ರಾಫಿಕ್ಸ್ ಕಾರ್ಡ್ ಆರ್‌ಟಿಎಕ್ಸ್ 4070. ಉಳಿದ ವಿವರ ಎಲ್ಲ ಕಡೆ ಸಿಗುತ್ತದೆ, ಇಲ್ಲಿ ಬೇಡ.

ಮೊದಲು ತಂದ ಎಸ್‌ಎಂಪಿಎಸ್ (ಕಂಪ್ಯೂಟರಿನ ಪವರ್ ಸಪ್ಲೈ) 750 ವ್ಯಾಟಿನದು, 80 ಪ್ಲಸ್ ಗೋಲ್ಡ್ ಎಂಬ ದಕ್ಷತೆಯ ಮುದ್ರೆ ಇದ್ದದ್ದು. ಅದರ ಕಂಪನಿ ಹೆಸರು ಹೇಳುವುದಿಲ್ಲ. ಈ ತೊಂದರೆ ಬೇರೆ ಕಂಪನಿಗಳ ಮಾಡೆಲ್‌ಗಳಲ್ಲೂ ಬರಬಹುದು. ಡಬ್ಬದ ಮೇಲೆ ದೊಡ್ಡ ಅಕ್ಷರದಲ್ಲಿ ‘ಝೀರೋ ಆರ್‌ಪಿಎಂ’ ಎಂದು ಬರೆದಿತ್ತು. ಲೋಡ್ ಕಡಿಮೆ ಇದ್ದಾಗ ಫ್ಯಾನ್ ಪೂರ್ತಿ ನಿಲ್ಲುತ್ತದೆ, ಬಿಸಿ ಏರಿದರೆ ಮಾತ್ರ ತಿರುಗುತ್ತದೆ ಎಂಬುದು ಅದರ ಅರ್ಥ. ಆ ಮಾತು ಸುಳ್ಳಲ್ಲ. ಸುಮ್ನೆ ಡೆಸ್ಕ್‌ಟಾಪ್ ನೋಡುತ್ತಾ ಕೂತರೆ ನಿಜವಾಗಿಯೂ ಸದ್ದೇ ಇರಲಿಲ್ಲ. ಗೇಮ್ ಆಡುವಾಗ ಫ್ಯಾನ್ ಒಂದೇ ಸಮನೆ ತಿರುಗುತ್ತಿತ್ತು, ಅದೂ ಪರವಾಗಿಲ್ಲ.

ತೊಂದರೆ ಇದ್ದದ್ದು ಇವೆರಡರ ನಡುವೆ, ಅಂದರೆ ನಾನು ದಿನವಿಡೀ ಮಾಡುವ ಕೆಲಸದಲ್ಲಿ. ಒಂದು ಕಡೆ ಎಡಿಟಿಂಗ್, ಇನ್ನೊಂದು ಕಡೆ ನಾಲ್ಕಾರು ಬ್ರೌಸರ್ ಟ್ಯಾಬ್, ಆಗಾಗ ಒಂದು ಸಣ್ಣ ಎಕ್ಸ್‌ಪೋರ್ಟ್. ಈ ಮಟ್ಟದ ಲೋಡಿನಲ್ಲಿ ಎಸ್‌ಎಂಪಿಎಸ್ ಒಳಗೆ ಬಿಸಿ ನಿಧಾನವಾಗಿ ಸೇರುತ್ತಾ ಹೋಗುತ್ತದೆ. ಒಂದು ಹಂತ ಮುಟ್ಟಿದ ಕೂಡಲೇ ‘ಟಿಕ್’ ಎಂದು ಫ್ಯಾನ್ ಶುರು. ಆಮೇಲೆ ಸುಯ್ಯೆಂಬ ಸದ್ದು. ಸ್ವಲ್ಪ ಹೊತ್ತಿಗೆ ಒಳಗಿನ ಬಿಸಿ ಇಳಿಯುತ್ತದೆ, ಫ್ಯಾನ್ ನಿಲ್ಲುತ್ತದೆ. ಮತ್ತೆ ಬಿಸಿ, ಮತ್ತೆ ಟಿಕ್. ನಿಂತ ಮೋಟಾರನ್ನು ಎಬ್ಬಿಸಲು, ತಿರುಗುತ್ತಿರುವುದನ್ನು ಹಾಗೇ ತಿರುಗಿಸುವುದಕ್ಕಿಂತ ಜಾಸ್ತಿ ವೋಲ್ಟೇಜ್ ಬೇಕು. ಅದಕ್ಕೇ ಪ್ರತಿ ಸಲವೂ ಫ್ಯಾನ್ ಒಂದು ಜಿಗಿತದೊಂದಿಗೆ ಏಳುತ್ತದೆ. ಕಿವಿಗೆ ಬೀಳುವುದು ಆ ಜಿಗಿತ.

ರಾತ್ರಿ ತಲೆಯ ಮೇಲೆ ಫ್ಯಾನ್ ಗಿರಗಿರ ತಿರುಗುತ್ತಿದ್ದರೂ ನಿದ್ದೆ ಬರುತ್ತದೆ, ಕಿವಿಯ ಹತ್ತಿರ ಒಂದು ಸೊಳ್ಳೆ ಬಂದು ಹೋಗಿ ಮಾಡಿದರೆ ಬರುವುದಿಲ್ಲ, ಅಲ್ವಾ? ಸದ್ದು ಎಷ್ಟು ದೊಡ್ಡದು ಅನ್ನುವುದಕ್ಕಿಂತ ಅದು ಒಂದೇ ಸಮ ಇದೆಯಾ ಅನ್ನುವುದೇ ಮುಖ್ಯ. ಸ್ಪೆಸಿಫಿಕೇಶನ್ ಹಾಳೆಯಲ್ಲಿ ಡೆಸಿಬಲ್ ಲೆಕ್ಕ ಇರುತ್ತದೆ, ಫ್ಯಾನ್ ಎಷ್ಟು ಸಲ ನಿಂತು ಏಳುತ್ತದೆ ಅನ್ನುವ ಲೆಕ್ಕ ಇರುವುದಿಲ್ಲ.

ರೆಕಾರ್ಡಿಂಗ್‌ನಲ್ಲಿ ಇದು ಇನ್ನೂ ಕಾಡುತ್ತದೆ. ಆಡಾಸಿಟಿ ಎಂಬ ಧ್ವನಿ ಎಡಿಟಿಂಗ್ ತಂತ್ರಾಂಶದಲ್ಲಿ ಹಿನ್ನೆಲೆ ಸದ್ದು ತೆಗೆಯುವ ಕ್ರಮ ನಿಮಗೆ ಗೊತ್ತಿರಬಹುದು. ಯಾರೂ ಮಾತಾಡದ ಒಂದೆರಡು ಸೆಕೆಂಡಿನ ಭಾಗ ಆರಿಸಿ ‘ನಾಯ್ಸ್ ಪ್ರೊಫೈಲ್’ ತೆಗೆದುಕೊಳ್ಳಬೇಕು, ಆಮೇಲೆ ಇಡೀ ರೆಕಾರ್ಡಿಂಗ್‌ನಿಂದ ಅದನ್ನು ಕಳೆಯಬೇಕು. ಒಂದೇ ಸಮ ಇರುವ ಫ್ಯಾನ್ ಸದ್ದು ಇದರಲ್ಲಿ ಚೆನ್ನಾಗಿ ಹೋಗುತ್ತದೆ. ನಡುವೆ ಎದ್ದು ನಡುವೆ ನಿಲ್ಲುವ ಸದ್ದಿಗೆ ಈ ಉಪಾಯ ನಡೆಯುವುದಿಲ್ಲ. ಪ್ರೊಫೈಲ್ ತೆಗೆದಾಗ ಫ್ಯಾನ್ ನಿಂತಿತ್ತು, ವಾಕ್ಯದ ಮಧ್ಯೆ ಎದ್ದಿತು ಅಂದರೆ ಆ ವಾಕ್ಯ ಮತ್ತೆ ಓದಬೇಕು. ಒಳ್ಳೆಯ ಓಟದಲ್ಲಿ ಓದುತ್ತಿದ್ದಾಗ, ಕಥೆಯ ಮುಖ್ಯ ಜಾಗದಲ್ಲೇ ಆ ಟಿಕ್ ಕೇಳಿಸಿದರೆ ಆಗುವ ಬೇಸರ ದೊಡ್ಡದು. ಒಂದು ಸಲ ಕಟ್ಟಿಕೊಂಡ ಭಾವ ಎರಡನೇ ಓದಿಗೆ ಹಾಗೇ ಬರುವುದಿಲ್ಲ.

ಬಯಾಸ್‌ನಲ್ಲಿ (ಮದರ್‌ಬೋರ್ಡಿನ ಮೂಲ ಸೆಟ್ಟಿಂಗ್ ಪರದೆ) ಸರಿ ಮಾಡೋಣ ಅಂದರೆ ದಾರಿ ಇಲ್ಲ. ಕ್ಯಾಬಿನೆಟ್ ಫ್ಯಾನ್, ಪ್ರೊಸೆಸರನ್ನು ತಣ್ಣಗಿಡುವ ಕೂಲರಿನ ಫ್ಯಾನ್ ಎಲ್ಲ ಮದರ್‌ಬೋರ್ಡಿನ ಮಾತು ಕೇಳುತ್ತವೆ. ನನ್ನ ಎಸ್‌ಎಂಪಿಎಸ್ ಫ್ಯಾನ್ ಮಾತ್ರ ತನ್ನೊಳಗಿನ ಸರ್ಕ್ಯೂಟಿನ ಮಾತು ಕೇಳುತ್ತಿತ್ತು, ಅದನ್ನು ಹೊರಗಿನಿಂದ ಮುಟ್ಟುವ ಹಾಗಿರಲಿಲ್ಲ. ಕಂಪನಿಗೆ ಬರೆದೆ. ಇದು ದೋಷವಲ್ಲ, ವಿನ್ಯಾಸವೇ ಹಾಗೆ, ವಾರಂಟಿಯಲ್ಲಿ ಬದಲಿಸಿಕೊಡಲು ಬರುವುದಿಲ್ಲ ಎಂದು ಉತ್ತರ ಬಂತು. ಅವರ ನಿಯಮದ ಪ್ರಕಾರ ಸರಿಯೇ. ಆದರೆ ಫ್ಯಾನ್ ನಿಲ್ಲದ ಹಾಗೆ ಮಾಡುವ ಒಂದು ಸಣ್ಣ ಸ್ವಿಚ್ ಹಿಂದೆ ಇಟ್ಟಿದ್ದರೆ ಸಾಕಿತ್ತು ಅನ್ನುವ ಸಿಟ್ಟು ನನಗೆ ಇವತ್ತಿಗೂ ಇದೆ. ಸೈಲೆಂಟ್ ಎಂದು ಮಾರುವವರಿಗೆ ಅಷ್ಟು ಹೊಳೆಯಬೇಕಿತ್ತು.

ಆ ಸ್ವಿಚ್ ಇಟ್ಟವರೂ ಇದ್ದಾರೆ. ಈಗ ನಾನು ಬಳಸುತ್ತಿರುವುದು ಸೀಸಾನಿಕ್ ಫೋಕಸ್ ಜಿಎಕ್ಸ್ 750. ಹಿಂಭಾಗದಲ್ಲಿ ಹೈಬ್ರಿಡ್ ಮೋಡ್ ಬಟನ್ ಇದೆ. ಅದನ್ನು ಬದಲಿಸಿದರೆ ಫ್ಯಾನ್ ಕಡಿಮೆ ಲೋಡಿನಲ್ಲೂ ನಿಲ್ಲದೆ ನಿಧಾನವಾಗಿ ತಿರುಗುತ್ತಲೇ ಇರುತ್ತದೆ. ಲೆಕ್ಕದಲ್ಲಿ ಇದು ಮೊದಲಿನದಕ್ಕಿಂತ ಹೆಚ್ಚು ಸದ್ದು ಮಾಡುವ ಪವರ್ ಸಪ್ಲೈ, ಏಕೆಂದರೆ ಇದರಲ್ಲಿ ಸೊನ್ನೆ ಅನ್ನುವುದೇ ಇಲ್ಲ. ಕಿವಿಗೆ ಮಾತ್ರ ಇದು ಇಲ್ಲವೇ ಇಲ್ಲ. ನಾಯ್ಸ್ ಪ್ರೊಫೈಲ್ ಒಂದು ಸಲ ತೆಗೆದರೆ ಇಡೀ ಅಧ್ಯಾಯಕ್ಕೆ ಸಾಕಾಗುತ್ತದೆ.

ಎಸ್‌ಎಂಪಿಎಸ್ ಬದಲಿಸುವವರು ಒಂದು ಕಡೆ ನಿಂತು ಓದಬೇಕಾದ ವಿಷಯ ಹೇಳುತ್ತೇನೆ. ಮಾಡ್ಯುಲರ್ ಕೇಬಲ್‌ಗಳು, ಅಂದರೆ ಎಸ್‌ಎಂಪಿಎಸ್‌ನಿಂದ ಬಿಚ್ಚಿ ತೆಗೆಯಬಹುದಾದವು, ಹೊರಗಿನಿಂದ ಒಂದೇ ಥರ ಕಾಣುತ್ತವೆ. ಹಳೆಯ ಕೇಬಲ್ ಹೊಸ ಎಸ್‌ಎಂಪಿಎಸ್‌ಗೆ ಸಲೀಸಾಗಿ ಕೂರಲೂಬಹುದು. ಹಾಗೆ ಯಾವತ್ತೂ ಮಾಡಬೇಡಿ. ಮದರ್‌ಬೋರ್ಡ್, ಡ್ರೈವ್ ಕಡೆಯ ತುದಿಗೆ ಮಾತ್ರ ಎಲ್ಲರೂ ಒಪ್ಪಿದ ನಿಯಮ ಇದೆ. ಎಸ್‌ಎಂಪಿಎಸ್ ಕಡೆಯ ತುದಿಯಲ್ಲಿ ಯಾವ ಪಿನ್‌ನಲ್ಲಿ 12 ವೋಲ್ಟ್, ಯಾವುದರಲ್ಲಿ 5 ವೋಲ್ಟ್ ಅನ್ನುವುದು ಕಂಪನಿಯಿಂದ ಕಂಪನಿಗೆ ಬದಲಾಗುತ್ತದೆ, ಕೆಲವೊಮ್ಮೆ ಒಂದೇ ಕಂಪನಿಯ ಬೇರೆ ಮಾಡೆಲ್‌ಗೂ ಬದಲಾಗುತ್ತದೆ. 5 ವೋಲ್ಟ್ ಬರಬೇಕಾದ ಜಾಗಕ್ಕೆ 12 ವೋಲ್ಟ್ ಬಂದರೆ ಹಾರ್ಡ್ ಡಿಸ್ಕ್ ಕ್ಷಣದಲ್ಲಿ ಸುಟ್ಟು ಹೋಗುತ್ತದೆ, ಜೊತೆಗೆ ಅದರಲ್ಲಿದ್ದ ಕೆಲಸವೂ. ಕ್ಯಾಬಿನೆಟ್ ಹಿಂದೆ ಚೆಂದವಾಗಿ ಕಟ್ಟಿದ್ದ ಕೇಬಲ್ ಬಿಚ್ಚಲು ಬೇಜಾರಾಗುತ್ತದೆ, ನಿಜ. ಆದರೂ ಎಲ್ಲವನ್ನೂ ಬಿಚ್ಚಿ, ಹಳೆಯದನ್ನು ಹಳೆಯ ಡಬ್ಬಕ್ಕೇ ಹಾಕಿ.

ಗೋಲ್ಡ್ ಯಾಕೆ, ಬ್ರಾಂಜ್ ಸಾಲದೇ ಎಂದು ಸ್ನೇಹಿತರು ಕೇಳುತ್ತಾರೆ. ಕರೆಂಟ್ ಬಿಲ್ ಲೆಕ್ಕ ಹಾಕಿದರೆ ವ್ಯತ್ಯಾಸ ಸಣ್ಣದು. ನಾನು ನೋಡುವುದು ಬಿಸಿಯನ್ನು. 115 ವೋಲ್ಟಿನ ಪರೀಕ್ಷೆಯಲ್ಲಿ ಅರ್ಧ ಲೋಡಿಗೆ ಗೋಲ್ಡ್ ಕೊಡಬೇಕಾದ ದಕ್ಷತೆ 90%, ಬ್ರಾಂಜ್ 85%. ಕಂಪ್ಯೂಟರಿಗೆ 300 ವ್ಯಾಟ್ ಬೇಕು ಅಂದುಕೊಳ್ಳಿ. ಗೋಲ್ಡ್ ಗೋಡೆಯಿಂದ ಸುಮಾರು 333 ವ್ಯಾಟ್ ಎಳೆದು 33 ವ್ಯಾಟನ್ನು ಬಿಸಿಯಾಗಿ ಬಿಡುತ್ತದೆ. ಬ್ರಾಂಜ್ 353 ಎಳೆದು 53 ಬಿಡುತ್ತದೆ. ಆ 20 ವ್ಯಾಟ್ ಬಿಸಿಯನ್ನೂ ಅದೇ ಸಣ್ಣ ಪೆಟ್ಟಿಗೆಯ ಫ್ಯಾನೇ ಹೊರಗೆ ತಳ್ಳಬೇಕು, ಅಂದರೆ ಜೋರಾಗಿ ತಿರುಗಬೇಕು. ಇಷ್ಟು ಹೇಳಿದ ಮೇಲೂ ಒಂದು ಎಚ್ಚರ: 80 ಪ್ಲಸ್ ಮುದ್ರೆ ದಕ್ಷತೆಯನ್ನು ಮಾತ್ರ ಅಳೆಯುತ್ತದೆ. ವೋಲ್ಟೇಜ್ ಎಷ್ಟು ಶುದ್ಧ, ಒಳಗಿನ ಕೆಪಾಸಿಟರ್ ಎಂಥವು, ಫ್ಯಾನ್ ಹೇಗೆ ನಡೆದುಕೊಳ್ಳುತ್ತದೆ, ಯಾವುದನ್ನೂ ಅದು ಹೇಳುವುದಿಲ್ಲ. ಸೈಬೆನೆಟಿಕ್ಸ್ ಎಂಬ ಪರೀಕ್ಷಾ ಸಂಸ್ಥೆಯವರು ಸದ್ದಿಗೂ ಬೇರೆ ದರ್ಜೆ ಕೊಡುತ್ತಾರೆ. ಕೊಳ್ಳುವ ಮುಂಚೆ ಅದನ್ನೂ ನೋಡಿ.

750 ವ್ಯಾಟ್ ನನಗೆ ಬೇಕಾಗಿರಲಿಲ್ಲ. 7700 ಹೆಚ್ಚೆಂದರೆ 88 ವ್ಯಾಟ್, 4070ಕ್ಕೆ 200, ಉಳಿದದ್ದೆಲ್ಲ ಸೇರಿ 350ರ ಒಳಗೇ. 650 ಧಾರಾಳ ಸಾಕು. ಆದರೆ ದೊಡ್ಡದು ಅರ್ಧ ಲೋಡಿನ ಕೆಳಗೇ ಇರುತ್ತದೆ, ಫ್ಯಾನ್ ಅವಸರ ಮಾಡುವುದಿಲ್ಲ. ಗ್ರಾಫಿಕ್ಸ್ ಕಾರ್ಡ್‌ಗಳು ಕಣ್ಣು ಮಿಟುಕಿಸುವುದಕ್ಕಿಂತ ಕಡಿಮೆ ಹೊತ್ತು ತಮ್ಮ ಲೆಕ್ಕ ಮೀರಿ ಎಳೆಯುವುದೂ ಉಂಟು. ಎಸ್‌ಎಂಪಿಎಸ್ ವಿನ್ಯಾಸಕ್ಕೆ 2022ರ ಎಟಿಎಕ್ಸ್ 3.0 ನಿಯಮ ಬಂದದ್ದರಲ್ಲಿ ಅದೂ ಒಂದು ಕಾರಣ. ದೊಡ್ಡ ಕಾರ್ಡ್ ಇದ್ದವರು ಆ ನಿಯಮಕ್ಕೆ ಒಪ್ಪುವ ಎಸ್‌ಎಂಪಿಎಸ್ ತಗೊಳ್ಳುವುದೇ ಸರಿ.

ಇನ್ನು ಕೂಲರ್. ಇಲ್ಲಿ ನನಗೆ ಬರೀ ಖುಷಿ.

7700 ಜೊತೆಗೇ ಡಬ್ಬದಲ್ಲಿ ರೈತ್ ಪ್ರಿಸಂ ಕೂಲರ್ ಬರುತ್ತದೆ. ಕೆಲಸಕ್ಕೆ ಸಾಕು, ಸದ್ದಿಗೆ ಸಾಲದು. ಸಣ್ಣ ಫ್ಯಾನ್ ಅಷ್ಟೇ ಗಾಳಿ ಕೊಡಬೇಕಾದರೆ ಜೋರಾಗಿ ಓಡಲೇಬೇಕು. ನಾನು ಹಾಕಿದ್ದು ಥರ್ಮಲ್‌ರೈಟ್ ಪೀರ್‌ಲೆಸ್ ಅಸಾಸಿನ್ 120 ಎಸ್‌ಇ. ಎರಡು ಗೋಪುರ, ಆರು ಹೀಟ್ ಪೈಪ್, ಎರಡು 120 ಎಂಎಂ ಫ್ಯಾನ್. ನಾಕ್ಟುವಾ ಎನ್‌ಎಚ್-ಡಿ15 ಮೇಲೆ ಆಸೆ ಇತ್ತು, ಆದರೆ ಅದರ ಬೆಲೆ ಇದಕ್ಕಿಂತ ಬಹಳ ಮೇಲೆ. 88 ವ್ಯಾಟಿನ ಪ್ರೊಸೆಸರ್‌ಗೆ ಅಷ್ಟು ಸುರಿಯುವುದಕ್ಕಿಂತ ಆ ಹಣವನ್ನು ಎಸ್‌ಎಂಪಿಎಸ್‌ಗೆ ಹಾಕುವುದು ಮೇಲು.

ಈ ಕೂಲರಿನ ನಿಜವಾದ ಬಲ ಅದರ ಲೋಹ. ಹೀಟ್ ಪೈಪ್ ಒಳಗೆ ಸ್ವಲ್ಪ ದ್ರವ ಇರುತ್ತದೆ. ಪ್ರೊಸೆಸರ್ ಕಡೆ ಆವಿಯಾಗಿ, ಗೋಪುರದ ತೆಳು ಲೋಹದ ರೆಕ್ಕೆಗಳ ಕಡೆ ಹೋಗಿ ತಣ್ಣಗಾಗಿ, ಪೈಪಿನ ಒಳಗೋಡೆಯ ಬತ್ತಿಯಂಥ ಪದರದ ಮೂಲಕ ವಾಪಸು ಬರುತ್ತದೆ. ಇಷ್ಟು ಲೋಹ ಬಿಸಿಯಾಗಲು ಹೊತ್ತು ಬೇಕು. ರೈಜನ್ ಚಿಪ್‌ಗಳ ಸ್ವಭಾವ ಗೊತ್ತಲ್ಲ, ಒಂದು ಬ್ರೌಸರ್ ತೆರೆದರೂ ತಾಪ ಸರ್ರನೆ ಇಪ್ಪತ್ತು ಡಿಗ್ರಿ ಜಿಗಿಯುತ್ತದೆ, ಮರುಕ್ಷಣ ಇಳಿಯುತ್ತದೆ. ಬಯಾಸ್‌ನ ಮೂಲ ಸೆಟ್ಟಿಂಗ್ ಬಿಟ್ಟರೆ ಫ್ಯಾನ್ ಪ್ರತಿ ಜಿಗಿತಕ್ಕೂ ಗಾಬರಿಯಾಗಿ ಓಡುತ್ತದೆ. ಅಂದರೆ ಮತ್ತೆ ಅದೇ ಏರಿಳಿತದ ಸದ್ದು. ವ್ಯತ್ಯಾಸ ಇಷ್ಟೇ, ಇಲ್ಲಿ ಸರಿಪಡಿಸುವುದು ನಮ್ಮ ಕೈಯಲ್ಲಿದೆ.

ನನ್ನ ಸೆಟ್ಟಿಂಗ್ ಹೀಗಿದೆ. 70 ಡಿಗ್ರಿವರೆಗೆ, ತಾಪಕ್ಕೆ ತಕ್ಕ ವೇಗ ತೋರಿಸುವ ಫ್ಯಾನ್ ಗೆರೆ ಚಪ್ಪಟೆ, ಸುಮಾರು 700 ಆರ್‌ಪಿಎಂ. ಅಲ್ಲಿಂದ ಮೇಲೆ ನಿಧಾನವಾದ ಏರು. ಜೊತೆಗೆ, ತಾಪ ಬದಲಾದ ಕೂಡಲೇ ಫ್ಯಾನ್ ಬದಲಾಗದೆ ಕೆಲವು ಸೆಕೆಂಡ್ ಕಾಯುವ ಹಾಗೆ ಮಾಡಿದ್ದೇನೆ. ಈ ಆಯ್ಕೆಗೆ ಒಂದೊಂದು ಮದರ್‌ಬೋರ್ಡಿನಲ್ಲಿ ಒಂದೊಂದು ಹೆಸರು, ಹುಡುಕಿದರೆ ಸಿಗುತ್ತದೆ. ಫ್ಯಾನ್ ವೇಗ ಅರ್ಧ ಮಾಡಿದರೆ ಸದ್ದು ಹೆಚ್ಚುಕಡಿಮೆ 15 ಡೆಸಿಬಲ್ ಇಳಿಯುತ್ತದೆ ಅನ್ನುವುದು ಫ್ಯಾನ್‌ಗಳ ಸಾಮಾನ್ಯ ಲೆಕ್ಕ. 1550ರವರೆಗೆ ಓಡಬಲ್ಲ ಫ್ಯಾನನ್ನು 700ರಲ್ಲಿ ಇಟ್ಟಾಗ ಆಗುವ ನೆಮ್ಮದಿ ಮೈಕ್ ಮುಂದೆ ಕೂತವರಿಗೇ ಗೊತ್ತು. ತಾಪ 75 ಆಯಿತು, 80 ಆಯಿತು ಎಂದು ಹೆದರುವವರಿಗೆ ಒಂದು ಮಾತು: ಈ ಪ್ರೊಸೆಸರ್‌ಗೆ ಎಎಂಡಿ ಇಟ್ಟಿರುವ ಮಿತಿಯೇ 95 ಡಿಗ್ರಿ. ದೊಡ್ಡ ಎಕ್ಸ್‌ಪೋರ್ಟ್ ನಡೆಯುವಾಗಲೂ ನನ್ನದು 70ರ ಆಸುಪಾಸಿನಲ್ಲಿ ನಿಂತುಬಿಡುತ್ತದೆ.

ತಿಂಗಳಿಗೊಮ್ಮೆ ಇದನ್ನು ಒರೆಸುವುದು ನನಗೆ ಇಷ್ಟದ ಕೆಲಸ. ಕ್ಯಾಬಿನೆಟ್ ಪಕ್ಕದ ಗಾಜು ತೆಗೆದು, ಮುಂದಿನ ಫ್ಯಾನಿನ ತಂತಿ ಕ್ಲಿಪ್ ಎರಡನ್ನೂ ಬಿಚ್ಚುತ್ತೇನೆ. ಫ್ಯಾನ್ ಕೈಗೆ ಬಂದ ಮೇಲೆ ಕೂಲರಿನ ರೆಕ್ಕೆಗಳ ನಡುವೆ ಬೂದು ಬಣ್ಣದ ತೆಳು ಪದರ ಕಾಣುತ್ತದೆ. ಮೆತ್ತನೆಯ ಬ್ರಷ್ಷಿನಲ್ಲಿ ಮೇಲಿಂದ ಕೆಳಗೆ ಎಳೆದರೆ ಅದು ನೂಲಿನ ಹಾಗೆ ಸುತ್ತಿಕೊಂಡು ಬರುತ್ತದೆ. ಅಡ್ಡ ಎಳೆದರೆ ಅಲ್ಯೂಮಿನಿಯಂ ರೆಕ್ಕೆ ಬಾಗುತ್ತದೆ, ಹುಷಾರು. ಬ್ಲೋವರ್ ಬಳಸುವವರು ಫ್ಯಾನನ್ನು ಬೆರಳಲ್ಲಿ ಹಿಡಿದುಕೊಂಡೇ ಊದಿ. ಗಾಳಿಯ ರಭಸಕ್ಕೆ ಅದು ಮಿತಿ ಮೀರಿ ತಿರುಗಿದರೆ ಬೇರಿಂಗ್ ಹಾಳಾಗುತ್ತದೆ.

ಕೊರತೆ ಇಲ್ಲವೇ ಅಂದರೆ ಇದೆ. ತಂತಿ ಕ್ಲಿಪ್ ಬೆರಳಿಗೆ ಚುಚ್ಚುತ್ತದೆ. ಕೂಲರ್ ಕೂರಿಸುವಾಗ ನಡುವಿನ ಫ್ಯಾನ್ ತೆಗೆಯದಿದ್ದರೆ ಸ್ಕ್ರೂ ಸಿಗುವುದಿಲ್ಲ. ರ‍್ಯಾಮ್ ಎತ್ತರದ್ದಾಗಿದ್ದರೆ ಮುಂದಿನ ಫ್ಯಾನನ್ನು ಮೇಲಕ್ಕೆ ಸರಿಸಬೇಕು, ಆಗ 155 ಎಂಎಂ ಎತ್ತರ ಇನ್ನೂ ಜಾಸ್ತಿಯಾಗುತ್ತದೆ. ಕ್ಯಾಬಿನೆಟ್ ಎಷ್ಟು ಎತ್ತರದ ಕೂಲರ್ ಹಿಡಿಸುತ್ತದೆ ಎಂದು ಅಳತೆ ನೋಡಿ ಕೊಳ್ಳಿ.

ನನ್ನ ಈ ಜೋಡಿ ಎಲ್ಲರಿಗೂ ಹೊಂದುವುದಿಲ್ಲ. ದಿನವಿಡೀ ವಿಡಿಯೊ ರೆಂಡರ್ ಮಾಡುವವರ 7950ಎಕ್ಸ್ ಪ್ರೊಸೆಸರ್ 230 ವ್ಯಾಟ್‌ವರೆಗೆ ಎಳೆಯುತ್ತದೆ. ಅಷ್ಟು ಬಿಸಿಯನ್ನು 700 ಆರ್‌ಪಿಎಂನಲ್ಲಿ ಹೊರಹಾಕಲು ಈ ಕೂಲರಿಗೆ ಆಗುವುದಿಲ್ಲ. ಅಂಥವರು 360 ಎಂಎಂ ಲಿಕ್ವಿಡ್ ಕೂಲರ್ ನೋಡುವುದು ಒಳ್ಳೆಯದು. ದ್ರವ ತಣ್ಣಗಾಗುವ ರೇಡಿಯೇಟರಿನ ಮೇಲ್ತುದಿಗಿಂತ ಪಂಪ್ ಕೆಳಗೆ ಇರುವ ಹಾಗೆ ಕೂರಿಸಿ. ಒಳಗಿನ ಗಾಳಿಗುಳ್ಳೆ ಎಲ್ಲಕ್ಕಿಂತ ಎತ್ತರದ ಜಾಗಕ್ಕೆ ಹೋಗಿ ಸೇರುತ್ತದೆ. ಆ ಜಾಗ ಪಂಪೇ ಆಗಿಬಿಟ್ಟರೆ ಗುಳುಗುಳು ಸದ್ದು ಶುರುವಾಗುತ್ತದೆ, ಪಂಪಿನ ಆಯುಷ್ಯವೂ ಕಡಿಮೆಯಾಗುತ್ತದೆ.